ನಿಗದಿಯಾದ ಫಲಿತಾಂಶ ತಪ್ಪಿದ ಎರಡು ರಾತ್ರಿಗಳು: ಫಿಲಡೆಲ್ಫಿಯಾದಿಂದ ಮಾಂಟ್ರಿಯಲ್‌ವರೆಗೆ

1997ರ ನವೆಂಬರ್ 9ರ ರಾತ್ರಿ ಕೆನಡಾದ ಮಾಂಟ್ರಿಯಲ್ ನಗರದ ಮೋಲ್ಸನ್ ಸೆಂಟರ್‌ನಲ್ಲಿ ಕುಸ್ತಿಗಾರರಾದ ಬ್ರೆಟ್ ಹಾರ್ಟ್ ಮತ್ತು ಶಾನ್ ಮೈಕಲ್ಸ್, ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಎಫ್‌ನ ಚಾಂಪಿಯನ್ ಪಟ್ಟಕ್ಕಾಗಿ ಸೆಣಸಿದರು. ಆ ಪಂದ್ಯದ ಕೊನೆಯ ಕ್ಷಣಗಳನ್ನು ಹಿನ್ನೆಲೆ ತಿಳಿಯದೆ ನೋಡುವವರಿಗೆ ಅಲ್ಲಿ ಅಂಥ ವಿಶೇಷವೇನೂ ಕಾಣದು. ಮೈಕಲ್ಸ್ ಎದುರಾಳಿಯ ಎರಡೂ ಕಾಲುಗಳನ್ನು ಹೆಣೆದು, ಅವರನ್ನು ಬೋರಲು ತಿರುಗಿಸಿ, ‘ಶಾರ್ಪ್‌ಶೂಟರ್’ ಹಾಕುತ್ತಾರೆ. ಅದು ಹಾರ್ಟ್ ಅವರದೇ ಹೆಸರುವಾಸಿ ಪಟ್ಟು. ಹಾರ್ಟ್ ಬಿಡಿಸಿಕೊಳ್ಳಲು ಮೈಕಲ್ಸ್ ಕಾಲಿಗೆ ಕೈ ಚಾಚುವಷ್ಟರಲ್ಲಿ ರೆಫರಿ ಅರ್ಲ್ ಹೆಬ್ನರ್ ಗಂಟೆ ಹೊಡೆಯುವಂತೆ ಕೂಗುತ್ತಾರೆ. ರಿಂಗ್ ಪಕ್ಕಕ್ಕೆ ಬಂದು ನಿಂತಿದ್ದ ಕಂಪನಿಯ ಮಾಲೀಕ ವಿನ್ಸ್ ಮ್ಯಾಕ್‌ಮಹನ್ ಕೂಡ ಅದನ್ನೇ ಕೂಗುತ್ತಾರೆ. ಗಂಟೆ ಬಡಿಯುತ್ತದೆ, ಮೈಕಲ್ಸ್ ಗೆದ್ದರೆಂದು ಘೋಷಣೆಯಾಗುತ್ತದೆ. ಹಾರ್ಟ್ ಸೋಲೊಪ್ಪಿಕೊಂಡೇ ಇರಲಿಲ್ಲ. ಏನಾಯಿತೆಂದು ಅರಿತ ಅವರು ಮ್ಯಾಕ್‌ಮಹನ್ ಮುಖಕ್ಕೆ ಉಗುಳಿ, ಪ್ರತಿಸ್ಪರ್ಧಿ ಕಂಪನಿ ಡಬ್ಲ್ಯುಸಿಡಬ್ಲ್ಯುವಿನ ಅಕ್ಷರಗಳನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು, ರಿಂಗ್ ಪಕ್ಕದ ಟಿವಿ ಮಾನಿಟರ್‌ಗಳನ್ನು ನೆಲಕ್ಕೆ ಅಪ್ಪಳಿಸಿದರು.

ಸೋಲು–ಗೆಲುವು ಮೊದಲೇ ನಿಗದಿಯಾಗಿರುವ ಆಟದಲ್ಲಿ ಮೋಸ ಹೋಗುವುದೆಂದರೇನು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕುಸ್ತಿ ಇನ್ನೂ ಬಹುಮಟ್ಟಿಗೆ ಸ್ಪರ್ಧೆಯೆಂದೇ ಜನರ ನಂಬಿಕೆಯಾಗಿತ್ತು. 1908ರ ಏಪ್ರಿಲ್‌ನಲ್ಲಿ ಶಿಕಾಗೊದಲ್ಲಿ ಫ್ರಾಂಕ್ ಗಾಚ್ ಎದುರು ಎರಡು ಗಂಟೆ ಹೋರಾಡಿ ಸೋಲೊಪ್ಪಿಕೊಂಡ ಜಾರ್ಜ್ ಹ್ಯಾಕನ್‌ಶ್ಮಿಟ್, ಗಾಚ್ ಮೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದರೆಂದು ದೂರಿದರು. 1911ರಲ್ಲಿ ಅದೇ ಊರಿನಲ್ಲಿ ನಡೆದ ಮರುಪಂದ್ಯದಲ್ಲಿ ಮೊಣಕಾಲಿನ ನೋವಿದ್ದ ಹ್ಯಾಕನ್‌ಶ್ಮಿಟ್ ಸುಲಭವಾಗಿ ಸೋತಾಗ ಜನರ ವಿಶ್ವಾಸಕ್ಕೂ ಪೆಟ್ಟು ಬಿತ್ತು. ನಿಜವಾದ ಕುಸ್ತಿಗೆ ಇನ್ನೊಂದು ತೊಡಕಿತ್ತು. ಸಮಬಲರಾದ ಇಬ್ಬರು ಪೈಲ್ವಾನರು ಒಬ್ಬರ ಪಟ್ಟಿಗೆ ಒಬ್ಬರು ಸಿಗದಂತೆ ಹಿಡಿದು ನಿಂತರೆ ನೋಡುವವರಿಗೆ ಬೇಸರ ಹಿಡಿಯುತ್ತದೆ. 1916ರ ಜುಲೈ 4ರಂದು ಒಮಾಹಾದಲ್ಲಿ ಜೋ ಸ್ಟೆಕರ್ ಮತ್ತು ಎಡ್ ‘ಸ್ಟ್ರ್ಯಾಂಗ್ಲರ್’ ಲೂಯಿಸ್ ಸುಮಾರು ಐದು ಗಂಟೆ ಸೆಣಸಿದರೂ ಯಾರೂ ಗೆಲ್ಲಲಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ‘ನಿಕಾಲಿ ಕುಸ್ತಿ’, ಅಂದರೆ ಒಬ್ಬರು ಚಿತ್ ಆಗುವ ತನಕ ನಡೆಯುವ ಕುಸ್ತಿ, ನೋಡಿ ಬಲ್ಲವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಲೂಯಿಸ್, ಅವರ ಮ್ಯಾನೇಜರ್ ಬಿಲ್ಲಿ ಸ್ಯಾಂಡೋ ಮತ್ತು ಟೂಟ್ಸ್ ಮಾಂಡ್ಟ್, 1920ರ ದಶಕದಲ್ಲಿ ಈ ಬೇಸರಕ್ಕೆ ಮದ್ದು ಕಂಡುಕೊಂಡರು. ಪಂದ್ಯಕ್ಕೆ ಕಾಲಮಿತಿ ಇಟ್ಟು, ಕಣ್ಣಿಗೆ ಹಬ್ಬವಾಗುವ ಎಸೆತ–ಹೊಡೆತಗಳನ್ನು ತುಂಬಿ, ಸಂಬಳದ ಮೇಲೆ ಪೈಲ್ವಾನರ ತಂಡವನ್ನೇ ಕಟ್ಟಿಕೊಂಡು, ನಾಟಕ ಕಂಪನಿಯಂತೆ ಊರೂರು ಸುತ್ತಿದರು. ಯಾರು ಗೆಲ್ಲಬೇಕೆಂಬುದು ಅಖಾಡಕ್ಕಿಳಿಯುವ ಮೊದಲೇ ತೀರ್ಮಾನವಾಗುತ್ತಿತ್ತು. ಈ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡದ ಕಟ್ಟುಪಾಡಿಗೆ ಆ ವೃತ್ತಿಯವರು ‘ಕೇಫೇಬ್’ ಎಂದು ಹೆಸರಿಟ್ಟರು. ಒಪ್ಪಂದದ ಆಟ ‘ವರ್ಕ್’, ಒಪ್ಪಂದ ಮೀರಿ ನಿಜವಾಗಿ ನಡೆದದ್ದು ‘ಶೂಟ್’.

ಆ ಮೂವರ ಲೆಕ್ಕಾಚಾರ ಕೈಕೊಟ್ಟದ್ದು 1925ರಲ್ಲಿ. ಫುಟ್‌ಬಾಲ್ ಆಟಗಾರನಾಗಿ ಹೆಸರು ಮಾಡಿದ್ದ ದೈತ್ಯದೇಹಿ ವೇನ್ ಮನ್‌ಗೆ ಟಿಕೆಟ್ ಮಾರುವ ಶಕ್ತಿಯಿತ್ತು, ಕುಸ್ತಿ ಮಾತ್ರ ಅಷ್ಟಾಗಿ ತಿಳಿದಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಲೂಯಿಸ್ ಒಪ್ಪಂದದಂತೆ ಸೋತು ಅವರನ್ನು ಚಾಂಪಿಯನ್ ಮಾಡಿದರು. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಮನ್ ಎದುರು ಸೋಲಲು ಒಪ್ಪಿದ್ದವರು 46ರ ಹರೆಯದ ಪೋಲೆಂಡಿನ ಪೈಲ್ವಾನ ಸ್ಟಾನಿಸ್ಲಾಸ್ ಬಿಸ್ಕೊ. ವಯಸ್ಸಾದವರು, ನಂಬಿಕಸ್ಥರು, ಅಪಾಯವಿಲ್ಲ ಎಂಬುದು ಮೂವರ ಎಣಿಕೆಯಾಗಿದ್ದಿರಬೇಕು. ಆದರೆ ಬಿಸ್ಕೊ ಒಳಗೊಳಗೇ ಎದುರಾಳಿ ಪಾಳೆಯವಾದ ಸ್ಟೆಕರ್ ಬಣದೊಂದಿಗೆ ಕೈಜೋಡಿಸಿದ್ದರು. ಗಂಟೆ ಹೊಡೆದೊಡನೆ ನಿಜವಾದ ಕುಸ್ತಿಗೇ ಇಳಿದ ಅವರು ಮನ್ ಭುಜಗಳನ್ನು ಮತ್ತೆ ಮತ್ತೆ ನೆಲಕ್ಕೆ ಒತ್ತಿದರು. ಸಾವಿರಾರು ಕಣ್ಣುಗಳ ಮುಂದೆ ನಡೆಯುತ್ತಿದ್ದುದನ್ನು ರೆಫರಿ ಎಷ್ಟು ಹೊತ್ತು ಅಲ್ಲಗಳೆದಾರು? ಪಟ್ಟ ಬಿಸ್ಕೊಗೆ ಬಂತು, ಮೇ ತಿಂಗಳ ಕೊನೆಯಲ್ಲಿ ಅವರಿಂದ ಸ್ಟೆಕರ್‌ಗೆ ದಾಟಿತು.

ಈ ಬಿಸ್ಕೊ ಭಾರತೀಯರಿಗೆ ಅಪರಿಚಿತರಲ್ಲ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನರ ಎದುರು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನಡೆದ ಪಂದ್ಯದ ಬಹುಪಾಲನ್ನು ಬೋರಲು ಮಲಗಿಯೇ ಕಳೆದು ಸೋಲು ತಪ್ಪಿಸಿಕೊಂಡು, ಒಂದು ವಾರದ ನಂತರದ ಮರುಪಂದ್ಯಕ್ಕೆ ಬಾರದೆ ಉಳಿದವರು ಇವರೇ. 1928ರ ಜನವರಿಯಲ್ಲಿ ಪಟಿಯಾಲದಲ್ಲಿ ಬಿಸ್ಕೊ ಅವರನ್ನು ಗಾಮಾ ಒಂದು ನಿಮಿಷದೊಳಗೆ ಚಿತ್ ಮಾಡಿ ಹಳೆಯ ಬಾಕಿ ತೀರಿಸಿದರು.

ಫಿಲಡೆಲ್ಫಿಯಾದ ಪಾಠವನ್ನು ಸಂಘಟಕರು ಚೆನ್ನಾಗಿಯೇ ಕಲಿತರು. 1948ರಲ್ಲಿ ಸ್ಥಾಪನೆಯಾದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ತನ್ನ ಚಾಂಪಿಯನ್‌ನಿಂದ ಠೇವಣಿ ಹಣ ಇಡಿಸಿಕೊಳ್ಳುತ್ತಿತ್ತು. ಯಾರಾದರೂ ಮಾತಿಗೆ ತಪ್ಪಿ ಶೂಟ್‌ಗೆ ಇಳಿದರೂ ತಡೆದು ನಿಲ್ಲಬಲ್ಲ ಲೂ ಥೆಜ್ ಅಂಥವರಿಗೆ ಪಟ್ಟ ಕೊಡುವುದೇ ಕ್ಷೇಮವೆಂಬ ತಿಳಿವಳಿಕೆಯೂ ಬಂದಿತ್ತು. 1968ರಲ್ಲಿ ಮುಂಬೈಯಲ್ಲಿ ದಾರಾ ಸಿಂಗ್ ಸೋಲಿಸಿದ್ದು ಇದೇ ಥೆಜ್ ಅವರನ್ನು.

ಕೇಫೇಬ್ ಮಾತ್ರ ದಶಕಗಳ ಕಾಲ ಉಳಿಯಿತು. 1984ರ ಡಿಸೆಂಬರ್‌ನಲ್ಲಿ, ಇದೆಲ್ಲ ನಕಲಿ ಎಂದುಕೊಂಡಿದ್ದೇನೆ ಎಂದ ಟಿವಿ ವರದಿಗಾರ ಜಾನ್ ಸ್ಟಾಸೆಲ್ ಅವರ ಎರಡೂ ಕಿವಿಗೆ ಕುಸ್ತಿಗಾರ ಡೇವಿಡ್ ಷುಲ್ಟ್ಸ್ ಬಾರಿಸಿದರು. 1987ರ ಮೇ ತಿಂಗಳಲ್ಲಿ ನ್ಯೂಜೆರ್ಸಿ ಪೊಲೀಸರು ಒಂದು ಕಾರನ್ನು ತಡೆದಾಗ, ರಿಂಗ್‌ನಲ್ಲಿ ಬದ್ಧವೈರಿಗಳಾಗಿದ್ದ ಜಿಮ್ ಡಗನ್ ಮತ್ತು ಐರನ್ ಶೇಖ್ ಒಟ್ಟಿಗೇ ಪ್ರಯಾಣಿಸುತ್ತಿದ್ದುದು ಬಯಲಾಯಿತು. ಡಬ್ಲ್ಯುಡಬ್ಲ್ಯುಎಫ್ ಕಂಪನಿಗೆ ಅವರ ಬಳಿ ಸಿಕ್ಕ ಮಾದಕ ವಸ್ತುವಿನಷ್ಟೇ ಮುಜುಗರ ತಂದದ್ದು ಅವರ ಗೆಳೆತನ. ಇಷ್ಟು ಜತನದಿಂದ ಕಾಯ್ದ ಗುಟ್ಟನ್ನು 1989ರಲ್ಲಿ ಕಂಪನಿ ತಾನೇ ಬಿಟ್ಟುಕೊಟ್ಟಿತು. ಕ್ರೀಡಾ ಆಯೋಗದ ಲೈಸೆನ್ಸ್ ಮತ್ತು ತೆರಿಗೆಯಿಂದ ಪಾರಾಗುವ ಸಲುವಾಗಿ, ಇದು ನೈಜ ಸ್ಪರ್ಧೆಯಲ್ಲ, ಮನರಂಜನೆ ಎಂದು ನ್ಯೂಜೆರ್ಸಿ ಸೆನೆಟ್ ಮುಂದೆ ಒಪ್ಪಿಕೊಂಡಿತು. ಆ ಸುದ್ದಿ ನಮ್ಮೂರುಗಳ ತನಕ ಬಂದಿರಲಿಲ್ಲವೆಂದು ಕಾಣುತ್ತದೆ. ತೊಂಬತ್ತರ ದಶಕದ ಮಕ್ಕಳು ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡುಗಳಲ್ಲಿ ಎತ್ತರ, ತೂಕದ ಜೊತೆಗೆ ಗೆದ್ದ ಪಂದ್ಯಗಳ ಸಂಖ್ಯೆಯನ್ನೂ ಪಂಥಕ್ಕೆ ಒಡ್ಡಿ ಆಡುತ್ತಿದ್ದರು.

ಮಾಂಟ್ರಿಯಲ್ ಘಟನೆಯ ಬೇರು ದುಡ್ಡಿನಲ್ಲಿತ್ತು. 1996ರಲ್ಲಿ ಹಾರ್ಟ್ ಅವರೊಂದಿಗೆ ಇಪ್ಪತ್ತು ವರ್ಷಗಳ ಕರಾರು ಮಾಡಿಕೊಂಡಿದ್ದ ಮ್ಯಾಕ್‌ಮಹನ್, ಮರುವರ್ಷವೇ ಅದನ್ನು ಭರಿಸಲಾಗದೆ, ಡಬ್ಲ್ಯುಸಿಡಬ್ಲ್ಯು ಜೊತೆ ಮಾತಾಡಿಕೊಳ್ಳಿ ಎಂದರು. ಹಾರ್ಟ್ ಹೊರಡಲು ಒಪ್ಪಿದರು. ಆದರೆ ಪಟ್ಟ ಅವರ ಸೊಂಟದಲ್ಲೇ ಇತ್ತು. 1995ರ ಡಿಸೆಂಬರ್‌ನಲ್ಲಿ ಮಡೂಸಾ ಎಂಬ ಕುಸ್ತಿಗಾರ್ತಿ ಡಬ್ಲ್ಯುಡಬ್ಲ್ಯುಎಫ್ ಮಹಿಳಾ ಪಟ್ಟವನ್ನು ಡಬ್ಲ್ಯುಸಿಡಬ್ಲ್ಯು ಕಾರ್ಯಕ್ರಮದಲ್ಲಿ ಕಸದ ಬುಟ್ಟಿಗೆ ಎಸೆದ ದೃಶ್ಯ ಮ್ಯಾಕ್‌ಮಹನ್ ಮರೆತಿರಲಿಲ್ಲ. ಕೊನೆಯ ತಿಂಗಳು ತಮ್ಮ ಪಾತ್ರದ ಬಗ್ಗೆ ಹಾರ್ಟ್ ಮಾತಿಗೆ ಬೆಲೆಯಿರಬೇಕೆಂದು ಕರಾರಿನಲ್ಲೇ ಇದ್ದುದರಿಂದ, ತವರು ದೇಶದಲ್ಲಿ ಮೈಕಲ್ಸ್‌ಗೆ ಸೋಲಲಾರೆ ಎಂದು ಅವರು ಪಟ್ಟು ಹಿಡಿದರು. ಪಂದ್ಯ ಗೊಂದಲದಲ್ಲಿ ಮುಗಿಯಲಿ ಎಂದು ಮ್ಯಾಕ್‌ಮಹನ್ ಒಪ್ಪಿದ್ದರು; ಹಾರ್ಟ್ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ತಂಡದ ಮೈಕಿನಲ್ಲಿ ಆ ಮಾತುಕತೆ ದಾಖಲಾಗಿದೆ.

ಮನ್ ಮೋಸಹೋದದ್ದು ಎದುರಾಳಿಯಿಂದ, ಹಾರ್ಟ್ ಮೋಸಹೋದದ್ದು ಮಾಲೀಕರಿಂದ. ಇಬ್ಬರೂ ನಂಬಿದ್ದು ಸೋಲು–ಗೆಲುವನ್ನಲ್ಲ, ರಿಂಗ್ ಹತ್ತುವ ಮುನ್ನ ಕೊಟ್ಟ ಮಾತನ್ನು. ಆ ರಾತ್ರಿ ಡ್ರೆಸ್ಸಿಂಗ್ ಕೋಣೆಯಲ್ಲಿ ಹಾರ್ಟ್ ಮ್ಯಾಕ್‌ಮಹನ್‌ಗೆ ಗುದ್ದಿದರು, ಅದಂತೂ ಅಪ್ಪಟ ಶೂಟ್. ಕೆಲವೇ ದಿನಗಳಲ್ಲಿ ಟಿವಿ ಸಂದರ್ಶನಕ್ಕೆ ಕೂತ ಮ್ಯಾಕ್‌ಮಹನ್, ಹಾರ್ಟ್‌ಗೆ ಕೇಡು ಮಾಡಿದ್ದು ಹಾರ್ಟ್ ಅವರೇ ಎಂದುಬಿಟ್ಟರು. ಜನರ ಸಿಟ್ಟನ್ನೇ ಬಂಡವಾಳ ಮಾಡಿಕೊಂಡು ಅವರು ‘ಮಿಸ್ಟರ್ ಮ್ಯಾಕ್‌ಮಹನ್’ ಎಂಬ ದುಷ್ಟ ಮಾಲೀಕನ ಪಾತ್ರ ಧರಿಸಿದರು. ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಜೊತೆಗಿನ ಅವರ ಜಗಳ ಮುಂದಿನ ವರ್ಷ ಕಂಪನಿಯ ರೇಟಿಂಗ್ ಏರಿಸಿತು.

2010ರ ಜನವರಿಯಲ್ಲಿ ಹಾರ್ಟ್ ಅದೇ ಕಂಪನಿಯ ರಿಂಗ್‌ಗೆ ಮರಳಿ ಮೈಕಲ್ಸ್ ಕೈ ಕುಲುಕಿದರು. ಮಾರ್ಚ್‌ನಲ್ಲಿ ನಡೆದ ರೆಸಲ್‌ಮೇನಿಯಾದಲ್ಲಿ ಅವರು ಮ್ಯಾಕ್‌ಮಹನ್ ಅವರನ್ನೇ ಎದುರಿಸಿ, ಶಾರ್ಪ್‌ಶೂಟರ್ ಹಾಕಿ ಸೋಲೊಪ್ಪಿಸಿದರು. ಈ ಸಲ ಗಂಟೆ ಎಲ್ಲರೂ ಒಪ್ಪಿಕೊಂಡಿದ್ದ ಹೊತ್ತಿಗೇ ಬಡಿಯಿತು.