ಹಿಂದಿನ ಎರಡಕ್ಕೆ ಮಾತ್ರ ಸ್ನೋ ಟೈರ್ ಹಾಕಿದ್ರೆ ಸಾಲದಾ?

ಪ್ರಶ್ನೆ: ಸರ್, ನಾವು ಡೆಟ್ರಾಯಿಟ್ ಹತ್ತಿರ ನೋವೈನಲ್ಲಿ ಇದ್ದೀವಿ. ಈ ಬೇಸಿಗೆಯಲ್ಲಿ ಟೊಯೋಟಾ ಜಿಆರ್86 ತಗೊಂಡೆ, 18 ಇಂಚಿನ ಚಕ್ರದ್ದು. ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಮಾತ್ರ ಹೋಗುತ್ತಲ್ವಾ, ಹಾಗಾಗಿ ಚಳಿಗಾಲಕ್ಕೆ ಹಿಂದಿನ ಎರಡಕ್ಕೆ ಸ್ನೋ ಟೈರ್ ಹಾಕಿಸಿದ್ರೆ ಸಾಲದಾ? ಬೇರೆ ರಿಮ್ ಬೇಕಾ? ಗಾಳಿಯ ಸೆನ್ಸರ್ ಕೂಡ ಬೇರೆ ಕೊಳ್ಳಬೇಕಾ?

ಉತ್ತರ: ಸಾಲದು.

ಇಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು. ಆದರೆ ನಿಲ್ಲಿಸಿದರೆ ಮುಂದಿನ ಅಕ್ಟೋಬರ್‌ಗೆ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಕಾರಿನ ಹೆಸರು ಬೇರೆ ಇರುತ್ತದೆ, ಅಷ್ಟೆ. ಹೋದ ವರ್ಷ ಮಸ್ಟಾಂಗ್, ಅದರ ಹಿಂದಿನ ವರ್ಷ ಬಿಎಂಡಬ್ಲ್ಯು. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಬಿಸಿಬೇಳೆ ಬಾತಿನ ತಟ್ಟೆ ಹಿಡಿದು ನಿಂತಾಗಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ತಟ್ಟೆ ಆರುತ್ತದೆ, ಅವರಿಗೆ ಉತ್ತರ ಒಪ್ಪಿಗೆಯಾಗುವುದಿಲ್ಲ. ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕಾರಿನ ಟೈರ್ ಬಗ್ಗಿ ನೋಡಿ. 18 ಇಂಚಿನ ಜಿಆರ್86 ಶೋರೂಮಿನಿಂದ ಬರುವುದೇ ಮಿಷಲಿನ್ ಪೈಲಟ್ ಸ್ಪೋರ್ಟ್ 4 ಹಾಕಿಕೊಂಡು. ಅದು ಪಕ್ಕಾ ಬೇಸಿಗೆ ಟೈರ್. ಬಿಸಿಲಲ್ಲಿ ರಸ್ತೆಗೆ ಅಂಟಿಕೊಂಡು ಓಡುತ್ತದೆ. ಹೊರಗೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಂತೆ ಅದರ ರಬ್ಬರ್ ಬಿಗಿಯಾಗುತ್ತಾ ಹೋಗುತ್ತದೆ. ಹಿಮ ಬೀಳಬೇಕು ಅಂತೇನಿಲ್ಲ. ಒಣ ರಸ್ತೆಯಲ್ಲೂ ನವೆಂಬರ್ ಬೆಳಗ್ಗೆ ಅದು ಜಾರುತ್ತದೆ. ಹಿಮದ ಮೇಲಂತೂ ಅದು ಟೈರೇ ಅಲ್ಲ, ಪ್ಲಾಸ್ಟಿಕ್ ಬಳೆ.

ಈಗ ಆ 'ಹಿಂದಿನ ಎರಡು' ಅನ್ನೋ ನಂಬಿಕೆಗೆ ಬರೋಣ. ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತಿದೆ, ಪೂರ್ತಿ ಪೆದ್ದು ಮಾತೂ ಅಲ್ಲ. ಹಿಂದೆ ಈ ದೇಶದ ಹೆಚ್ಚಿನ ಕಾರುಗಳು ಹಿಂದಿನ ಚಕ್ರದ ಮೇಲೇ ಓಡುತ್ತಿದ್ದವು. ಆಗಿನ ಸ್ನೋ ಟೈರ್ ಅಂದರೆ ದಪ್ಪ ಹಲ್ಲಿನ ಟೈರ್. ರಬ್ಬರಿನಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಹಿಮದಲ್ಲಿ ಸಿಕ್ಕಿಕೊಂಡ ಕಾರು ಹೊರಗೆ ಬರಬೇಕು, ಅದೇ ಚಿಂತೆ. ಆದ್ದರಿಂದ ಹಿಂದೆ ಎರಡು ಹಾಕುತ್ತಿದ್ದರು, ಡಿಕ್ಕಿಯಲ್ಲಿ ಮರಳಿನ ಚೀಲ ಇಡುತ್ತಿದ್ದರು. ಇಂದಿಗೂ ಪಕ್ಕದ ಮನೆಯ ಅಜ್ಜ ಅದನ್ನೇ ಹೇಳುತ್ತಾರೆ. ನಾವು ಹೊಸದಾಗಿ ಬಂದವರು, ಇಲ್ಲೇ ಹುಟ್ಟಿದವರು ಹೇಳಿದ ಮೇಲೆ ಸರಿಯೇ ಇರುತ್ತೆ ಅಂದುಕೊಳ್ಳುತ್ತೇವೆ.

ನಾನೂ ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಎರಡನೇ ಚಳಿಗಾಲ. ಹಿಂದಿನ ಚಕ್ರದ ಹಳೆಯ ಕಾರು, ಕೈಯಲ್ಲಿ ಕಾಸು ಕಮ್ಮಿ. ಟೈರ್ ಅಂಗಡಿಯವನು "ಎರಡು ಸಾಕು" ಅಂದ. ಹಾಕಿಸಿಕೊಂಡು ಬಂದೆ. ಮನೆ ಮುಂದಿನ ಇಳಿಜಾರನ್ನು ಕಾರು ಜುಮ್ಮಂತ ಹತ್ತಿತು. ನನಗೋ ಖುಷಿ. ಮೂರನೇ ದಿನ ಬೆಳಗ್ಗೆ ಹೈವೇಯಿಂದ ಇಳಿಯುವ ತಿರುವು. ಗಂಟೆಗೆ ಸುಮಾರು 25 ಮೈಲಿ, ಜಾಸ್ತಿ ಏನೂ ಅಲ್ಲ. ಬ್ರೇಕ್ ಒತ್ತಿದೆ. ಪಾದದ ಕೆಳಗೆ ಎಬಿಎಸ್, ಅಂದರೆ ಬ್ರೇಕಿಗೆ ಚಕ್ರ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ, ಟಕಟಕಟಕ ಅಂತ ಬಡಿಯಿತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದೆ. ಸ್ಟೇರಿಂಗ್ ತಿರುಗಿತು, ಮುಂದಿನ ಚಕ್ರಗಳೂ ತಿರುಗಿದವು, ಕಾರು ಮಾತ್ರ ನೇರ ಹೋಯಿತು. ಅವಸರವೇ ಇಲ್ಲ ಅದಕ್ಕೆ. ಆರಾಮಾಗಿ ಹೋಗಿ ಪಕ್ಕದ ಕಲ್ಲಿನ ಕಟ್ಟೆಗೆ ಗುದ್ದಿತು. ರಿಮ್ ಬಾಗಿತು, ಸಸ್ಪೆನ್ಷನ್ನಿನ ಒಂದು ತೋಳು ಹೋಯಿತು. ರಿಪೇರಿಯ ಬಿಲ್ಲಿನಲ್ಲಿ ಇನ್ನೆರಡು ಟೈರ್ ಬಂದು ಮೇಲೆ ಚಿಲ್ಲರೆ ಉಳಿಯುತ್ತಿತ್ತು.

ಆದದ್ದೇನು ಅಂದರೆ, ಎಂಜಿನ್ ಶಕ್ತಿ ಬೇಕಾಗುವುದು ಕಾರು ಹೊರಡುವುದಕ್ಕೆ. ನಿಲ್ಲುವುದಕ್ಕೂ ತಿರುಗುವುದಕ್ಕೂ ಎಂಜಿನ್ನಿಗೂ ಸಂಬಂಧವಿಲ್ಲ. ತಿರುಗಿಸುವ ಕೆಲಸ ಶುರುವಾಗುವುದೇ ಮುಂದಿನ ಚಕ್ರದಿಂದ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಆದ್ದರಿಂದ ನಿಲ್ಲಿಸುವ ಕೆಲಸದಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಮುಂದಿನವೇ ಮಾಡುತ್ತವೆ. ನೀವು ದುಡ್ಡು ಉಳಿಸಿದ್ದು ಸರಿಯಾಗಿ ಆ ಎರಡರ ಮೇಲೆ.

ಟೈರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ. ಬ್ರೇಕಿಗೂ ಅದರಲ್ಲೇ ಖರ್ಚು, ತಿರುವಿಗೂ ಅದರಲ್ಲೇ ಖರ್ಚು. ಮಂಜುಗಡ್ಡೆ ಮೇಲೆ ಬೇಸಿಗೆ ಟೈರಿಗೆ ಬರುವ ಸಂಬಳವೇ ಪುಡಿಗಾಸು. ಬ್ರೇಕ್ ಅಷ್ಟನ್ನೂ ತಿಂದಮೇಲೆ ತಿರುವಿಗೆ ಏನು ಉಳಿಯುತ್ತದೆ? "ಎಬಿಎಸ್ ಇದೆಯಲ್ಲ ಸಾರ್, ಸ್ಟೆಬಿಲಿಟಿ ಕಂಟ್ರೋಲ್ ಇದೆಯಲ್ಲ" ಅನ್ನುತ್ತಾರೆ. ಇದೆ. ಅವೆಲ್ಲ ಇರುವ ದುಡ್ಡನ್ನು ಜಾಣತನದಿಂದ ಹಂಚುವ ಗುಮಾಸ್ತರು. ಹೊಸ ದುಡ್ಡು ತರುವವರಲ್ಲ. ಆಲ್ ವೀಲ್ ಡ್ರೈವ್ ಕಾರಿನವರಿಗೂ ಇದೇ ಮಾತು. ನಾಲ್ಕು ಚಕ್ರಕ್ಕೆ ಶಕ್ತಿ ಹೋದರೆ ನಾಲ್ಕೂ ಸೇರಿ ಚೆನ್ನಾಗಿ ಹೊರಡುತ್ತವೆ, ನಿಲ್ಲುವಾಗ ಅವೂ ನಮ್ಮಂತೆಯೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾಲ್ಕೂ ಬೇಸಿಗೆ ಟೈರ್ ಇದ್ದರೆ ಹೊರಡುವಾಗಲೇ ಹಿಂದಿನ ಚಕ್ರ ಸುಮ್ನೆ ಸುತ್ತುತ್ತದೆ. ಅದೇ ಒಂದು ಎಚ್ಚರಿಕೆ. ರಸ್ತೆ ಜಾರುತ್ತಿದೆ, ಮನೆಯಲ್ಲೇ ಇರು ಅಂತ ಕಾರೇ ಹೇಳುತ್ತದೆ. ಹಿಂದಕ್ಕೆ ಮಾತ್ರ ಸ್ನೋ ಟೈರ್ ಹಾಕಿದಿರೋ, ಆ ಎಚ್ಚರಿಕೆಯ ಬಾಯಿಗೇ ಬಟ್ಟೆ ತುರುಕಿದ ಹಾಗೆ. ಕಾರು ಹೊರಡುತ್ತದೆ, 45 ಮೈಲಿ ವೇಗ ಮುಟ್ಟುತ್ತದೆ, ನಿಮಗೆ ಧೈರ್ಯ ಬರುತ್ತದೆ. ಸುದ್ದಿ ಗೊತ್ತಾಗುವುದು ಮೊದಲ ಕೆಂಪು ದೀಪದ ಹತ್ತಿರ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯುವುದು ಕಷ್ಟವಲ್ಲ, ನಡೆಯುತ್ತಾ ಗಕ್ಕನೆ ನಿಲ್ಲುವುದು ಕಷ್ಟ. ಬಿದ್ದವರೆಲ್ಲ ನಿಲ್ಲಲು ಹೋಗಿ ಬಿದ್ದವರೇ.

ಮರಳಿನ ಚೀಲದ ಬಗ್ಗೆಯೂ ಒಂದು ಮಾತು. ಅದು ಹಿಂದೆ ಭಾರ ಹೆಚ್ಚಿಸುತ್ತದೆ, ಹೊರಡಲು ಸ್ವಲ್ಪ ಅನುಕೂಲ. ಆದರೆ ಆ ಭಾರವನ್ನೂ ನಿಲ್ಲಿಸಬೇಕಾದವರು ನೀವೇ.

ಹಾಗೇ ಮುಂದಿನ ಚಕ್ರದ ಮೇಲೆ ಓಡುವ ಕ್ಯಾಮ್ರಿ, ಸಿವಿಕ್ ಇಟ್ಟುಕೊಂಡವರೂ ಕೇಳಿಸಿಕೊಳ್ಳಿ. ಮುಂದಿನ ಎರಡಕ್ಕೆ ಮಾತ್ರ ಸ್ನೋ ಟೈರ್ ಹಾಕುವುದು ಇನ್ನೂ ಅಪಾಯ. ಮುಂದೆ ಹಿಡಿತ ಇದೆ, ಹಿಂದೆ ಇಲ್ಲ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರಿನ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ನಾಲ್ಕಕ್ಕೂ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ವಯಸ್ಸಿನ ಟೈರ್. ಇದರಲ್ಲಿ ಚೌಕಾಸಿ ಇಲ್ಲ.

ಯಾವ ಟೈರ್? ಟೈರಿನ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ. 'ಎಂ+ಎಸ್' (ಮಡ್, ಸ್ನೋ) ಅಂತ ಮಾತ್ರ ಇದ್ದರೆ ನಂಬಬೇಡಿ. ಆ ಅಕ್ಷರ ಟೈರಿನ ಹಲ್ಲುಗಳ ನಡುವಿನ ಜಾಗದ ಲೆಕ್ಕವಷ್ಟೇ, ಹಿಮದಲ್ಲಿ ಓಡಿಸಿ ಕೊಟ್ಟ ಪಾಸು ಅಲ್ಲ. ಗುರುತು ಇರುವವುಗಳಲ್ಲೂ ಎರಡು ಜಾತಿ. ಮಿಷಲಿನ್ ಎಕ್ಸ್-ಐಸ್, ಬ್ರಿಡ್ಜ್‌ಸ್ಟೋನ್ ಬ್ಲಿಝಾಕ್ ಡಬ್ಲ್ಯುಎಸ್ ತರಹದವು ಮೆತ್ತಗಿನ ರಬ್ಬರಿನವು, ಮಂಜುಗಡ್ಡೆಗೆ ಒಳ್ಳೆಯವು, ತಿರುವಿನಲ್ಲಿ ಕೊಂಚ ತೊನೆಯುತ್ತವೆ. ಪೈಲಟ್ ಆಲ್ಪಿನ್, ಪಿರೆಲ್ಲಿ ಸೊಟ್ಟೊಝೀರೊ ತರಹದವು ಸ್ಪೋರ್ಟ್ಸ್ ಕಾರಿನವರಿಗೆ ಹಿಡಿಸುತ್ತವೆ, ಸ್ಟೇರಿಂಗ್ ಬಿಗಿಯಾಗಿರುತ್ತದೆ, ಗಡ್ಡೆಯ ಮೇಲೆ ಒಂದು ಕೈ ಕಮ್ಮಿ. ನೋವೈನಂಥ ಕಡೆ ದಿನಾ ಆಫೀಸಿಗೆ ಓಡಿಸುವವರಿಗೆ ನನ್ನ ವೋಟು ಮೆತ್ತಗಿನದಕ್ಕೆ. ಜನವರಿಯಲ್ಲಿ ರೇಸು ಓಡಿಸುವುದು ಯಾರಿಗೆ?

ರಿಮ್ ಬೇರೆ ತಗೊಳ್ಳಿ. ವರ್ಷಕ್ಕೆ ಎರಡು ಸಲ ಅದೇ ರಿಮ್‌ನಿಂದ ಟೈರ್ ಕಿತ್ತು ಹಾಕಿಸಿದರೆ ಕೂಲಿಯೂ ಜಾಸ್ತಿ, ಟೈರಿನ ಅಂಚಿಗೂ ಪೆಟ್ಟು. ಚಂದದ ರಿಮ್‌ಗೆ ರಸ್ತೆ ಉಪ್ಪೂ ತಿನ್ನಿಸಿದಂತಾಗುತ್ತದೆ. ಕೆಲವರು ಚಳಿಗಾಲಕ್ಕೂ 19 ಇಂಚು ಕೇಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮಿಷಿಗನ್ನಿನ ಫೆಬ್ರವರಿ ಗುಂಡಿಗಳನ್ನು ನೋಡಿಲ್ಲವಾ ಇವರು? ಒಂದು ಇಂಚು ಇಳಿಯಿರಿ. ನಿಮ್ಮದು 215/40 ಆರ್18: ಅಗಲ 215 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇಕಡಾ 40, ರಿಮ್ 18 ಇಂಚು. ಟೈರಿನ ಎತ್ತರ ಸುಮಾರು 629 ಮಿಲಿಮೀಟರ್. ಇದೇ ಕಾರಿನ ಕಮ್ಮಿ ಬೆಲೆಯ ಮಾದರಿಗೆ ಬರುವ 215/45 ಆರ್17 ಹಾಕಿದರೆ 625. ಸ್ಪೀಡೋಮೀಟರ್ ಲೆಕ್ಕ ಶೇಕಡಾ ಒಂದೂ ಬದಲಾಗುವುದಿಲ್ಲ, ಗುಂಡಿಗೂ ರಿಮ್‌ಗೂ ನಡುವೆ ರಬ್ಬರ್ ದಪ್ಪ ಸಿಗುತ್ತದೆ. ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕ್ ಇರುವ ಕಾರಾದರೆ ಮಾತ್ರ ಕೊಳ್ಳುವ ಮುಂಚೆ ಒಂದು ರಿಮ್ ಹಾಕಿ, ಬ್ರೇಕಿಗೆ ತಗಲುತ್ತಾ ಅಂತ ಕೈಯಲ್ಲಿ ತಿರುಗಿಸಿ ನೋಡಿ.

ಇಲ್ಲೊಂದು ತಮಾಷೆ. ಜಿಆರ್86 ಮೇಲೆ ಟೊಯೋಟಾ ಹೆಸರು ಇದ್ದರೂ ಅದು ತಯಾರಾಗುವುದು ಜಪಾನಿನ ಗುನ್ಮಾದಲ್ಲಿ, ಸುಬಾರು ಕಾರ್ಖಾನೆಯಲ್ಲಿ. ಚಕ್ರದ ಬೋಲ್ಟೂ ಸುಬಾರು ಅಳತೆಯದ್ದೇ: ಐದು ಬೋಲ್ಟ್, 100 ಮಿಲಿಮೀಟರ್ ವ್ಯಾಸದ ಸುತ್ತು, ನಡುವಿನ ತೂತು 56.1, ನಟ್ಟಿನ ಮರೆ (ಥ್ರೆಡ್) 12 ಮಿಲಿಮೀಟರ್‌ಗೆ 1.25ರದ್ದು. ಟೊಯೋಟಾದ ಬೇರೆ ಹೆಚ್ಚಿನ ಕಾರುಗಳದ್ದು 1.5. ಗೆಳೆಯರೊಬ್ಬರು ತಮ್ಮ ಹಳೆಯ ಕೊರೋಲಾದ ರಿಮ್, ನಟ್ ಎರಡನ್ನೂ ಹೊತ್ತು ತಂದರು. ರಿಮ್‌ಗೆ ಬೋಲ್ಟ್ ಸುತ್ತು ಸರಿಯಿತ್ತು, ನಡುವಿನ ತೂತು 54.1, ಹಬ್ಬಿನ ಮೇಲೆ ಕೂರಲೇ ಇಲ್ಲ. ನಟ್ ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಪಾನಾ ಹಾಕಿ ಬಲವಾಗಿ ತಿರುಗಿಸಲು ಹೊರಟಿದ್ದರು, ನಾನು ಕೈ ಹಿಡಿದೆ. ಬೆರಳಲ್ಲಿ ಆರೇಳು ಸುತ್ತು ಸಲೀಸಾಗಿ ಹೋಗದ ನಟ್ ನಿಮ್ಮ ನಟ್ ಅಲ್ಲ. ಬಿಗಿ ಮಾಡುವುದು 120 ನ್ಯೂಟನ್ ಮೀಟರ್‌ಗೆ, ಟಾರ್ಕ್ ಪಾನಾದಲ್ಲಿ. ಐವತ್ತು ಮೈಲಿ ಓಡಿಸಿ ಮತ್ತೊಮ್ಮೆ ನೋಡಿ.

ಇನ್ನು ಸೆನ್ಸರ್. ಅಮೆರಿಕದಲ್ಲಿ 2008ರ ಮಾದರಿಯಿಂದ ಈಚೆಗಿನ ಎಲ್ಲ ಕಾರುಗಳಲ್ಲೂ ಗಾಳಿಯ ಎಚ್ಚರಿಕೆ ದೀಪ ಇರಲೇಬೇಕು. ಬಾಗಿಲ ಪಟ್ಟಿಯಲ್ಲಿ ಬರೆದ ಒತ್ತಡಕ್ಕಿಂತ ಶೇಕಡಾ 25 ಇಳಿದರೆ ಅದು ಹತ್ತಬೇಕು. ನಿಮ್ಮ ಕಾರಿನಲ್ಲಿ ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡದಲ್ಲಿ ಒಂದು ಪುಟ್ಟ ರೇಡಿಯೋ ಕೂತಿದೆ. ಬೇರೆ ರಿಮ್ ಅಂದರೆ ಬೇರೆ ನಾಲ್ಕು ಸೆನ್ಸರ್ ಬೇಕು. ಹಾಕದಿದ್ದರೆ ಕಾರೇನೂ ನಿಲ್ಲುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕುದುರೆ ಲಾಳದಂಥ ದೀಪ ಚಳಿಗಾಲವಿಡೀ ಉರಿಯುತ್ತಿರುತ್ತದೆ. ಆದರೆ ಸರಿಯಿರುವ ಸುರಕ್ಷತಾ ವ್ಯವಸ್ಥೆಯನ್ನು ಅಂಗಡಿಯವರು ಕೆಡಿಸಬಾರದು ಅಂತ ಇಲ್ಲಿ ಕಾನೂನಿದೆ. ಅದಕ್ಕೇ ಹಲವು ಅಂಗಡಿಗಳು ಸೆನ್ಸರ್ ಇಲ್ಲದ ಚಕ್ರವನ್ನು ಮುಟ್ಟುವುದೇ ಇಲ್ಲ. ಕೆನಡಾದಲ್ಲಿ ಈ ಕಡ್ಡಾಯ ಇಲ್ಲ. ಆದ್ದರಿಂದ ಅಲ್ಲಿನ ಮಿಸ್ಸಿಸ್ಸಾಗಾದಲ್ಲಿರುವ ಕಸಿನ್ ಯಾರಾದರೂ 'ಸೆನ್ಸರ್ ಬೇಡ' ಅಂದರೆ ಆ ಮಾತು ಅವರಿಗೆ ಸರಿ, ನಿಮಗಲ್ಲ.

ಆ ದೀಪದ ಭಾಷೆ ಕಲಿಯಿರಿ. ಹತ್ತಿ ಸುಮ್ನೆ ಉರಿದರೆ ಗಾಳಿ ಕಮ್ಮಿ. ಕಾರು ಶುರು ಮಾಡಿದ ಮೇಲೆ ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ನಿಂತು ಉರಿದರೆ ಸೆನ್ಸರ್ ಸಿಗುತ್ತಿಲ್ಲ ಅಂತ ಅರ್ಥ. ಎರಡಕ್ಕೂ ಒಂದೇ ಚಿತ್ರ ಇಟ್ಟವರ ಮೇಲೆ ನನಗೂ ಸಿಟ್ಟಿದೆ.

ಹೊಸ ಸೆನ್ಸರ್ ಹಾಕಿದ ಮೇಲೆ ಅದರ ನಂಬರನ್ನು ಕಾರಿಗೆ ಕಲಿಸಬೇಕು. ಜಿಆರ್86 ತಾನಾಗಿ ಕಲಿಯುವುದಿಲ್ಲ, ಮೆಕ್ಯಾನಿಕ್ ಕಾರಿನ ಕಂಪ್ಯೂಟರ್ ಓದುವ ಓಬಿಡಿ ಕಿಂಡಿಗೆ ಉಪಕರಣ ಸಿಕ್ಕಿಸಿ ಬರೆಯಬೇಕು. ಇದಕ್ಕೊಂದು ಉಪಾಯ ಇದೆ. ಬರೆಯಬಹುದಾದ ಖಾಲಿ ಸೆನ್ಸರ್ ಕೊಂಡು, ಬೇಸಿಗೆ ಚಕ್ರದ ನಾಲ್ಕು ನಂಬರನ್ನೇ ಅದಕ್ಕೆ ನಕಲು ಮಾಡಿಸಿ. ಕಾರಿಗೆ ಚಕ್ರ ಬದಲಾದದ್ದೇ ಗೊತ್ತಾಗುವುದಿಲ್ಲ. ಕೊಳ್ಳುವಾಗ ರೇಡಿಯೋ ತರಂಗದ ಅಳತೆ ನೋಡಿಕೊಳ್ಳಿ: ನಿಮ್ಮ ಕಾರಿನ ಸೆನ್ಸರಿನದ್ದೇ ಇರಬೇಕು. ಬೇರೆ ಅಳತೆಯದ್ದು ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದರೆ ಅದು ಕಾರಿನ ಹತ್ತಿರ ಮಾತೇ ಆಡುವುದಿಲ್ಲ. ವಾಲ್ವಿನ ಮುಚ್ಚಳ ಪ್ಲಾಸ್ಟಿಕ್‌ನದ್ದೇ ಇರಲಿ. ಅಲ್ಯುಮಿನಿಯಂ ವಾಲ್ವಿಗೆ ಹೊಳೆಯುವ ಲೋಹದ ಮುಚ್ಚಳ ಹಾಕಿದರೆ ರಸ್ತೆ ಉಪ್ಪಿಗೆ ಎರಡೂ ಕಚ್ಚಿಕೊಳ್ಳುತ್ತವೆ. ಬಿಡಿಸಲು ಹೋದರೆ ವಾಲ್ವೇ ಮುರಿಯುತ್ತದೆ, ಸೆನ್ಸರ್ ಸಮೇತ ಹೋಗುತ್ತದೆ.

ಬೆಳಗ್ಗೆ ದೀಪ ಹತ್ತಿ ಮಧ್ಯಾಹ್ನ ಆರಿದರೆ ಗಾಬರಿ ಬೇಡ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಗೆ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ 80 ಡಿಗ್ರಿ ಇದ್ದಾಗ ತುಂಬಿಸಿದ 35, ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿನ ಬೆಳಗ್ಗೆ 27ರ ಹತ್ತಿರ ಇರುತ್ತದೆ. ಪಂಕ್ಚರ್ ಅಲ್ಲ, ಚಳಿ. ಹಿಮದಲ್ಲಿ ಹಿಡಿತ ಬರಲಿ ಅಂತ ಬೇಕೆಂದೇ ಗಾಳಿ ಇಳಿಸುವವರೂ ಇದ್ದಾರೆ, ಅವರಿಗೆ ಉತ್ತರ ಬರೆಯುವ ತಾಳ್ಮೆ ಇವತ್ತಿಗೆ ಮುಗಿದಿದೆ.

ಒಂದು ವಿಷಯ ನೀವು ಕೇಳಲಿಲ್ಲ, ಯಾರೂ ಕೇಳುವುದಿಲ್ಲ: ಬಿಚ್ಚಿಟ್ಟ ಬೇಸಿಗೆ ಟೈರ್ ಎಲ್ಲಿಡುವುದು? ಎಲ್ಲರೂ ಗ್ಯಾರೇಜಿಗೆ ನೂಕುತ್ತಾರೆ. ಹೀಟರ್ ಇಲ್ಲದ ಗ್ಯಾರೇಜು ಜನವರಿಯಲ್ಲಿ 20 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಮೈನಸ್ ಏಳು ಸೆಲ್ಸಿಯಸ್‌ಗಿಂತ ಕೆಳಗೆ ಹೋಗುತ್ತದೆ. ಅಷ್ಟು ಚಳಿಯಲ್ಲಿ ಈ ರಬ್ಬರ್ ಗಾಜಿನಂತಾಗಿ ಬಿರುಕು ಬಿಡಬಹುದು ಅಂತ ಮಿಷಲಿನ್ ಕಂಪನಿಯೇ ಎಚ್ಚರಿಸುತ್ತದೆ. ಬೇಸ್‌ಮೆಂಟಿಗೆ ಇಳಿಸಿ. ಅಲ್ಲಿ ಫರ್ನೇಸಿನಿಂದ ದೂರ, ಬಿಸಿಲು ಬೀಳದ ಮೂಲೆ. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ 'ಎಡ ಮುಂದೆ', 'ಬಲ ಹಿಂದೆ' ಅಂತ ಬರೆದಿಡಿ. ನಾನು ಕನ್ನಡದಲ್ಲಿ ಬರೆಯುತ್ತೇನೆ, ಟೈರ್ ಅಂಗಡಿಯ ಹುಡುಗ ಪ್ರತಿ ವರ್ಷ ಅದನ್ನು ತಲೆಕೆಳಗೆ ಹಿಡಿದು ನೋಡುತ್ತಾನೆ.

ಬೇಸ್‌ಮೆಂಟ್ ಇಲ್ಲ, ಗ್ಯಾರೇಜೇ ಗತಿ ಅಂದರೆ ಚಳಿಯಲ್ಲಿ ಆ ಚಕ್ರಗಳನ್ನು ಅಲುಗಿಸಲು ಹೋಗಬೇಡಿ. ವಸಂತದಲ್ಲಿ ಹಾಕುವ ಮೊದಲು ಒಂದು ಪೂರ್ತಿ ದಿನ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಬೆಚ್ಚಗಿನ ಜಾಗದಲ್ಲಿಡಿ. ನಮ್ಮ ಮನೆಯಲ್ಲಿ ಆ ಜಾಗ ಅಂದರೆ ನಡುಮನೆ. ಯುಗಾದಿಯ ಹೊತ್ತಿಗೆ ಸೋಫಾ ಪಕ್ಕ ನಾಲ್ಕು ಚಕ್ರ ಕೂತಿರುತ್ತವೆ, ಹೋಳಿಗೆಗೆ ಬಂದ ನೆಂಟರು ಅವುಗಳ ಮೇಲೇ ಕೋಟು ಇಡುತ್ತಾರೆ.