ಹೊಸ ದೇಶ, ಮೂರು ವಾರ: ಬ್ಯಾಗಿನಲ್ಲಿ ಏನಿರಬೇಕು, ಯಾವುದಕ್ಕೆ ಹೆದರಬೇಕು?

ಪ್ರಶ್ನೆ: ಅಭಿವೃದ್ಧಿ ಹೊಂದುತ್ತಿರುವ ದೇಶವೊಂದಕ್ಕೆ ಮೊದಲ ಸಲ ಮೂರು ವಾರ ಹೋಗುತ್ತಿದ್ದೇನೆ. ಯಾರನ್ನು ಕೇಳಿದರೂ ಒಂದೊಂದು ಹೆದರಿಕೆ ಹೇಳುತ್ತಾರೆ. ಒಬ್ಬರು ಕಳ್ಳರು ಅಂತಾರೆ, ಇನ್ನೊಬ್ಬರು ಹಾವು ಅಂತಾರೆ. ಏನೇನು ತೆಗೆದುಕೊಂಡು ಹೋಗಲಿ? ನಿಜವಾಗಿ ಯಾವುದರ ಬಗ್ಗೆ ಹುಷಾರಾಗಿರಬೇಕು?

ಉತ್ತರ: ರಸ್ತೆಯ ಬಗ್ಗೆ. ಪ್ಯಾಕಿಂಗ್ ಪಟ್ಟಿಗಳಲ್ಲಿ ಈ ಮಾತು ಸಿಗುವುದು ಕಡಿಮೆ, ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಅದರಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಸಾವು ಆದದ್ದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಜಗತ್ತಿನ ವಾಹನಗಳಲ್ಲಿ ಅಲ್ಲಿರುವುದು ನೂರಕ್ಕೆ ಸುಮಾರು 60 ಮಾತ್ರ. ಹಾವಿನ ಕಥೆ ಹೇಳುವವರು ಈ ಲೆಕ್ಕ ಹೇಳುವುದಿಲ್ಲ, ಅಲ್ವಾ?

ಹಾಗಾಗಿ ನಿಮ್ಮನ್ನು ಕಾಪಾಡುವ ದೊಡ್ಡ ವಸ್ತು ಬ್ಯಾಗಿನಲ್ಲಿ ಇರುವುದೇ ಇಲ್ಲ. ಅದು ಕಾರಿನ ಸೀಟ್ ಬೆಲ್ಟ್. ಹಿಂದಿನ ಸೀಟಿನಲ್ಲಿ ಕೂತರೂ ಹಾಕಿಕೊಳ್ಳಿ. ಬೆಲ್ಟ್ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ ಎಳೆದು ತೆಗೆಯಿರಿ. ಇಲ್ಲವೇ ಇಲ್ಲ ಅಂದರೆ ಬೇರೆ ಗಾಡಿ ಕೇಳಿ. ಡ್ರೈವರ್ ಏನೆಂದುಕೊಂಡಾನೋ ಅನ್ನುವ ಸಂಕೋಚ ಬೇಡ. ವೇಗ ಜಾಸ್ತಿ ಅನ್ನಿಸಿದರೆ ನಿಧಾನ ಹೋಗಲು ಹೇಳಿ, ಕೇಳದಿದ್ದರೆ ಇಳಿದುಬಿಡಿ. ಊರಿಂದ ಊರಿಗೆ ರಾತ್ರಿ ಹೋಗಬೇಡಿ. ದೀಪವಿಲ್ಲದ ರಸ್ತೆ, ಕೆಟ್ಟು ನಿಂತ ಲಾರಿ, ಅಡ್ಡ ಬರುವ ಪ್ರಾಣಿ, ನಿದ್ದೆಗೆಟ್ಟ ಡ್ರೈವರ್ ಎಲ್ಲ ಒಟ್ಟಿಗೆ ಸೇರುವುದು ಕತ್ತಲಲ್ಲೇ. ಒಂದು ದಿನ ಹಾಳಾದರೂ ಪರವಾಗಿಲ್ಲ, ಬೆಳಗಿನ ಬಸ್ಸು ಹಿಡಿಯಿರಿ.

ಕೀನ್ಯಾ, ಉಗಾಂಡಗಳಲ್ಲಿ ಬೋಡಾ ಬೋಡಾ ಅನ್ನುವ ಬೈಕ್ ಟ್ಯಾಕ್ಸಿಗಳಿವೆ. ಆಗ್ನೇಯ ಏಷ್ಯಾದ ಪ್ರವಾಸಿ ತಾಣಗಳಲ್ಲಿ ಬಾಡಿಗೆ ಸ್ಕೂಟರ್ ಸುಲಭವಾಗಿ ಸಿಗುತ್ತದೆ. ಹೆಲ್ಮೆಟ್ ಇಲ್ಲದೆ ಎರಡನ್ನೂ ಹತ್ತಬೇಡಿ. ದ್ವಿಚಕ್ರ ವಾಹನದ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸ ವಿಮೆಯ ಹಣ ಸಿಗದೇ ಹೋಗಬಹುದು. ಜೊತೆಗೆ ಚಿಕ್ಕ ಮಗು ಇದ್ದರೆ ಮಗುವಿನ ಕಾರ್ ಸೀಟನ್ನು ಇಲ್ಲಿಂದಲೇ ಒಯ್ಯಿರಿ. ಅಲ್ಲಿ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಇನ್ನು ಹೊಟ್ಟೆಗೆ ಬರೋಣ. ಪ್ರವಾಸಿಗರಿಗೆ ತುಂಬಾ ಸಾಮಾನ್ಯವಾಗಿ ಬರುವ ಕಾಯಿಲೆ ಭೇದಿ. ಮೂರು ವಾರದಲ್ಲಿ ಒಂದು ಸಲವಾದರೂ ಹೊಟ್ಟೆ ಕೆಡಬಹುದು ಅಂತಲೇ ತಯಾರಾಗಿ ಹೋಗಿ. ನನ್ನ ಮಟ್ಟಿಗೆ ಬ್ಯಾಗಿಗೆ ಮೊದಲು ಬೀಳಬೇಕಾದ್ದು ಓಆರ್‌ಎಸ್ ಪೊಟ್ಟಣ. ತೂಕವಿಲ್ಲ, ಜಾಗ ಬೇಡ. ಏಳೆಂಟು ಇಟ್ಟುಕೊಳ್ಳಿ. ಅವು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು ಹಾಕಿ. ಚಮಚ ಅಂದರೆ ಟೀ ಚಮಚ. ಉಪ್ಪು ಜಾಸ್ತಿಯಾದರೆ ಅಪಾಯ, ಅಂದಾಜಿನಲ್ಲಿ ಸುರಿಯಬೇಡಿ. ಸಕ್ಕರೆ ಇರುವುದು ಬರೀ ರುಚಿಗಲ್ಲ. ಕರುಳು ಉಪ್ಪನ್ನೂ ನೀರನ್ನೂ ಒಳಗೆ ಎಳೆದುಕೊಳ್ಳಲು ಗ್ಲೂಕೋಸ್ ನೆರವಾಗುತ್ತದೆ.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ದೂರದ ಬಸ್ ಪ್ರಯಾಣಕ್ಕೆ ಉಪಯೋಗಕ್ಕೆ ಬರುತ್ತದೆ. ಆದರೆ ಮಲದಲ್ಲಿ ರಕ್ತ ಕಂಡರೆ ಅಥವಾ ಜೋರು ಜ್ವರ ಇದ್ದರೆ ಅದನ್ನು ನುಂಗಬೇಡಿ. ಆಗ ಬೇಕಾದ್ದು ಡಾಕ್ಟರು.

ನೀರು ಕುದಿಸಿದರೆ ಸಾಕು. ಗುಳ್ಳೆ ಎದ್ದು ಚೆನ್ನಾಗಿ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಡಿ. 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ, ಏಕೆಂದರೆ ಮೇಲೆ ಹೋದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಕುದಿಸಲು ಆಗದಿದ್ದರೆ ಫಿಲ್ಟರ್ ಅಥವಾ ಕ್ಲೋರಿನ್ ಮಾತ್ರೆ. ಎರಡಕ್ಕೂ ಒಂದೊಂದು ಕೊರತೆ ಇದೆ. ಪ್ರವಾಸಿಗರು ಒಯ್ಯುವ ಸಣ್ಣ ಫಿಲ್ಟರ್‌ಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾ ತಡೆಯುತ್ತವೆ, ವೈರಸ್ ನುಸುಳಿಕೊಳ್ಳುತ್ತದೆ. ಕ್ಲೋರಿನ್ ವೈರಸ್ ಕೊಲ್ಲುತ್ತದೆ, ಆದರೆ ಕ್ರಿಪ್ಟೋಸ್ಪೋರಿಡಿಯಂ ಅನ್ನುವ ಗಟ್ಟಿ ಪರಾವಲಂಬಿ ಅದಕ್ಕೆ ಜಗ್ಗುವುದಿಲ್ಲ. ಎರಡನ್ನೂ ಒಟ್ಟಿಗೆ ಬಳಸಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಬಾಟಲಿ ನೀರು ಕೊಂಡರೆ ಮುಚ್ಚಳದ ಸೀಲ್ ನೋಡಿ. ಜನ ಮರೆಯುವುದು ಐಸ್ ಮತ್ತು ಹಲ್ಲುಜ್ಜುವ ನೀರನ್ನು. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ.

ಊಟದ ವಿಷಯದಲ್ಲಿ ಬೀದಿ ಬದಿಯದ್ದೆಲ್ಲ ಕೆಟ್ಟದ್ದು, ದೊಡ್ಡ ಹೋಟೆಲಿನದ್ದೆಲ್ಲ ಒಳ್ಳೆಯದು ಅಂತ ನಂಬುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಕಣ್ಣೆದುರಿಗೇ ಬೆಂದು ಬಿಸಿಬಿಸಿಯಾಗಿ ತಟ್ಟೆಗೆ ಬಿದ್ದದ್ದು, ಎರಡು ಗಂಟೆ ಉಗುರುಬೆಚ್ಚಗೆ ಕೂತ ಬಫೆ ಊಟಕ್ಕಿಂತ ಎಷ್ಟೋ ವಾಸಿ. ಹಣ್ಣು ನೀವೇ ಸುಲಿದು ತಿನ್ನಿ. ಹಸಿ ತರಕಾರಿಯ ಸಲಾಡ್ ಬಿಟ್ಟುಬಿಡಿ. ಸಣ್ಣದೊಂದು ಸೋಪು ಜೇಬಿನಲ್ಲಿರಲಿ.

ಸೊಳ್ಳೆ ವಿಷಯದಲ್ಲಿ ಹೊತ್ತು ಗೊತ್ತಿರಬೇಕು. ಮಲೇರಿಯಾ ಹರಡುವ ಅನಾಫಿಲಿಸ್ ಕಚ್ಚುವುದು ಸಂಜೆಯಿಂದ ಬೆಳಗಿನ ತನಕ. ಡೆಂಗಿ ತರುವ ಈಡಿಸ್ ಕಚ್ಚುವುದು ಹಗಲು. ಅಂದರೆ ಪರದೆ ಕಟ್ಟಿ ಮಲಗಿದ ಮಾತ್ರಕ್ಕೆ ಡೆಂಗಿಯಿಂದ ಪಾರಾಗುವುದಿಲ್ಲ. 20ರಿಂದ 30 ಪರ್ಸೆಂಟ್ ಡೀಟ್ ಇರುವ ಅಥವಾ 20 ಪರ್ಸೆಂಟ್ ಪಿಕಾರಿಡಿನ್ ಇರುವ ಸೊಳ್ಳೆ ಕ್ರೀಮು ಕೊಳ್ಳಿ. ಸನ್‌ಸ್ಕ್ರೀನ್ ಮೊದಲು, ಅದು ಒಣಗಿದ ಮೇಲೆ ಸೊಳ್ಳೆ ಕ್ರೀಮು. ತೆಳು ಬಟ್ಟೆಯ ತುಂಬು ತೋಳಿನ ಎರಡು ಅಂಗಿ ಇಟ್ಟುಕೊಳ್ಳಿ. ಬಿಸಿಲಿಗೂ ಆಯಿತು, ಸೊಳ್ಳೆಗೂ ಆಯಿತು.

ಮಲೇರಿಯಾ ತಡೆಯುವ ಮಾತ್ರೆ ಬೇಕೇ ಅನ್ನುವುದು ನೀವು ಹೋಗುವ ಜಾಗದ ಮೇಲೆ ನಿಂತಿದೆ. ಹೊರಡುವ ನಾಲ್ಕರಿಂದ ಆರು ವಾರ ಮೊದಲೇ ಡಾಕ್ಟರನ್ನು ನೋಡಿ. ಮೆಫ್ಲೊಕ್ವಿನ್ ಎರಡು ವಾರ ಮೊದಲೇ ಶುರು ಮಾಡಬೇಕು. ಡಾಕ್ಸಿಸೈಕ್ಲಿನ್ ಒಂದೆರಡು ದಿನ ಮೊದಲು ಸಾಕು, ಆದರೆ ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಚೆನ್ನಾಗಿಯೇ ಇದ್ದೇನಲ್ಲ ಅಂತ ಅರ್ಧಕ್ಕೆ ಬಿಡಬೇಡಿ. ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಯ ಕಾರ್ಡು, ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಲೆಕ್ಕಕ್ಕೆ ಬರುವುದು. 2016ರ ಜುಲೈನಿಂದ ಅದು ಜೀವಮಾನವಿಡೀ ಚಾಲ್ತಿ. ಹಳದಿ ಜ್ವರ ಇರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಜಾಸ್ತಿ ಕಾದು ಮುಂದೆ ಹೋದರೂ ಕೆಲವು ದೇಶಗಳು ಕಾರ್ಡು ಕೇಳುತ್ತವೆ.

ನಾಯಿ, ಕೋತಿ ಎಷ್ಟೇ ಮುದ್ದಾಗಿದ್ದರೂ ಮುಟ್ಟಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಪೂರ್ತಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಆಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಆಗದ ಮಾತು.

ದಿನಾ ತೆಗೆದುಕೊಳ್ಳುವ ಔಷಧಿಯನ್ನು ಪ್ರವಾಸದ ದಿನಗಳಿಗಿಂತ ಒಂದು ವಾರ ಜಾಸ್ತಿಗೇ ಒಯ್ಯಿರಿ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಔಷಧಿ ನಕಲಿ ಅಥವಾ ಕಳಪೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಸ್ಟ್ರಿಪ್ ಕತ್ತರಿಸದೆ, ಡಾಕ್ಟರ ಚೀಟಿ ಸಮೇತ, ಹ್ಯಾಂಡ್ ಬ್ಯಾಗಿನಲ್ಲಿ ಇಡಿ. ದೊಡ್ಡ ಸೂಟ್‌ಕೇಸ್ ಕಳೆದರೆ ಬಟ್ಟೆ ಅಲ್ಲೇ ಕೊಳ್ಳಬಹುದು. ಜೋರು ನೋವಿನ ಮಾತ್ರೆ, ನಿದ್ದೆ ಮಾತ್ರೆಗಳಿಗೆ ಕೆಲವು ದೇಶಗಳಲ್ಲಿ ನಿಷೇಧವಿದೆ. ಆ ದೇಶದ ರಾಯಭಾರ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಒಯ್ಯಬಾರದ್ದೂ ಕೆಲವು ಇವೆ. ಕೀನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದವು. ಪ್ರವಾಸಿಗರಿಗೂ ವಿನಾಯಿತಿ ಇಲ್ಲ. ಚಪ್ಪಲಿ ಸುತ್ತಲು ಬಟ್ಟೆ ಚೀಲ ಬಳಸಿ. ಜಿಂಬಾಬ್ವೆಯಲ್ಲಿ ಸೈನಿಕರ ಉಡುಪಿನಂಥ ಮಚ್ಚೆ ಬಟ್ಟೆ ಹಾಕುವುದು ಅಪರಾಧ. ಪವರ್ ಬ್ಯಾಂಕ್ ಯಾವ ದೇಶಕ್ಕಾದರೂ ಹ್ಯಾಂಡ್ ಬ್ಯಾಗಿನಲ್ಲೇ ಇರಬೇಕು. ಒಡವೆ ಮನೆಯಲ್ಲಿರಲಿ.

ಕಳ್ಳರ ಬಗ್ಗೆ ಇಷ್ಟು ಸಾಕು: ಹಣವನ್ನು ಎರಡು ಮೂರು ಕಡೆ ಹಂಚಿಡಿ, ಪಾಸ್‌ಪೋರ್ಟಿನ ಪ್ರತಿ ಬೇರೆ ಕಡೆ ಇರಲಿ, ಯಾರಾದರೂ ಹೆದರಿಸಿ ಕೇಳಿದರೆ ಕೊಟ್ಟುಬಿಡಿ. ವಿಮೆ ಕೊಳ್ಳುವಾಗ ಬ್ಯಾಗು ಕಳೆದರೆ ಎಷ್ಟು ಸಿಗುತ್ತದೆ ಅಂತ ನೋಡುವ ಬದಲು, ಗಂಭೀರ ಗಾಯವಾದರೆ ದೊಡ್ಡ ಆಸ್ಪತ್ರೆ ಇರುವ ಊರಿಗೆ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯೇ ನೋಡಿ. ಅವರ ತುರ್ತು ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಒಂದು ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

ವಾಪಸ್ ಬಂದ ಮೇಲೆ ಜ್ವರ ಬಂದರೆ ಸುಮ್ನೆ ಜ್ವರದ ಮಾತ್ರೆ ನುಂಗಿ ಮಲಗಬೇಡಿ. ಮಲೇರಿಯಾ ಸೊಳ್ಳೆ ಕಚ್ಚಿದ ಒಂದು ವಾರಕ್ಕೂ ಕಾಣಿಸಿಕೊಳ್ಳಬಹುದು, ತಿಂಗಳುಗಳಾದ ಮೇಲೂ ಬರಬಹುದು. ಬ್ಯಾಗು ಬಿಚ್ಚಿ ಎಷ್ಟು ದಿನವಾಗಿದ್ದರೂ ಸರಿ, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಯಾವ ದೇಶಕ್ಕೆ ಹೋಗಿದ್ದಿರಿ, ಯಾವಾಗ ಬಂದಿರಿ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.