ನಿದ್ದೆ ಮಾತ್ರೆ ಕೇಳಿಕೊಂಡು ಬರುವ ಫೈರ್‌ಮನ್‌ಗಳು

ಅಗ್ನಿಶಾಮಕ ಸಿಬ್ಬಂದಿ ಮನೋವೈದ್ಯರ ಹತ್ತಿರ ಬರುವುದೇ ಕಡಿಮೆ. ಬಂದರೂ ಮನಸ್ಸಿನ ಮಾತು ಎತ್ತುವುದಿಲ್ಲ. "ಡಾಕ್ಟ್ರೇ, ನಿದ್ದೆ ಬರ್ತಿಲ್ಲ, ಒಂದು ಮಾತ್ರೆ ಬರ್ಕೊಡಿ" ಅನ್ನುತ್ತಾರೆ. ಇಲ್ಲವೇ ಬಿಪಿ, ಎದೆಯುರಿ, ತಲೆನೋವು. ಜೊತೆಗೆ ಹೆಂಡತಿ ಬಂದಿದ್ದರೆ ಉಳಿದದ್ದು ಹೊರಗೆ ಬರುತ್ತದೆ: "ರಾತ್ರಿ ಕೂಗಿಕೊಂಡು ಏಳ್ತಾರೆ ಸಾರ್. ಮನೇಲಿ ಮಾಂಸ ಹುರಿಯೋ ಹಾಗಿಲ್ಲ, ಎದ್ದು ಹೋಗಿಬಿಡ್ತಾರೆ. ಕುಡಿತಾನೂ ಜಾಸ್ತಿ ಆಗಿದೆ."

ಇಂಥವರಲ್ಲಿ ಹಲವರಿಗೆ ಇರುವುದು ಪಿಟಿಎಸ್‌ಡಿ, ಅಂದರೆ ಭೀಕರ ಆಘಾತದ ನಂತರ ಉಳಿದುಬಿಡುವ ಮನಸ್ಸಿನ ಕಾಯಿಲೆ. ಭೀಕರವಾದದ್ದನ್ನು ಕಂಡ ಮೇಲೆ ಕೆಲವು ದಿನ ನಿದ್ದೆಗೆಡುವುದು, ಬೆಚ್ಚಿಬೀಳುವುದು ಕಾಯಿಲೆಯಲ್ಲ. ಹೆಚ್ಚಿನವರಿಗೆ ಅದು ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಆ ದೃಶ್ಯ ಕಣ್ಣ ಮುಂದೆ ಬರುತ್ತಿದ್ದರೆ, ಅದನ್ನು ನೆನಪಿಸುವ ರಸ್ತೆ, ವಾಸನೆ, ಮಾತುಗಳಿಂದ ತಪ್ಪಿಸಿಕೊಳ್ಳುತ್ತಿದ್ದರೆ, ಮನೆಯವರ ಮೇಲೂ ಅಕ್ಕರೆ ಹುಟ್ಟದಿದ್ದರೆ, ಸಣ್ಣ ಸದ್ದಿಗೂ ಮೈ ಜುಮ್ಮೆನ್ನುತ್ತಿದ್ದರೆ ಆಗ ಚಿಕಿತ್ಸೆ ಬೇಕು.

ಬೆಂಕಿ ಒಂದೇ ಇದಕ್ಕೆ ಕಾರಣ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಕೆರೆ, ಬಾವಿಗಳಿಂದ ಹೆಣ ಎತ್ತುವುದಕ್ಕೂ ಇವರೇ ಬೇಕು. ಜೋರು ಮಳೆಗೆ ಕೊಚ್ಚಿಹೋದವರನ್ನು ರಾಜಕಾಲುವೆಯಲ್ಲಿ ಹುಡುಕುವವರೂ ಇವರೇ. 2010ರ ಫೆಬ್ರುವರಿಯಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಡೆಯಲಾರದೆ ಮೇಲಿಂದ ಹಾರಿದವರೂ ಇದ್ದರು. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟಡ ಕುಸಿಯಿತು. ಇಂಥವು ಪೇಪರಿನಲ್ಲಿ ಬರುತ್ತವೆ. ಪೇಪರಿಗೆ ಬಾರದ ಕಾಲ್‌ಗಳೇ ಜಾಸ್ತಿ, ಅಲ್ವಾ? ಒಂದು ದೊಡ್ಡ ದುರಂತವೇ ಆಗಬೇಕಿಲ್ಲ, ಕೆಲಸದ ಭಾಗವಾಗಿ ಮತ್ತೆ ಮತ್ತೆ ಇಂಥದ್ದನ್ನು ಎದುರಿಸಿದರೂ ಪಿಟಿಎಸ್‌ಡಿ ಬರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿತು. ಮನುಷ್ಯರ ಅವಶೇಷ ಎತ್ತುವ ಸಿಬ್ಬಂದಿಯನ್ನೇ ಉದಾಹರಣೆಯಾಗಿ ಕೊಟ್ಟಿತು.

"ದಿನಾ ನೋಡ್ತಾರಲ್ಲ, ಅಭ್ಯಾಸ ಆಗಿರುತ್ತೆ" ಅಂತ ಜನ ಹೇಳುವುದುಂಟು. ಹಾಗಾಗುವುದಿಲ್ಲ. ಕಾಲ್ ಬಂದಾಗ ಕೈಕಾಲು ಕೆಲಸ ಮಾಡುತ್ತವೆ, ಭಾವನೆಗಳನ್ನು ಅದುಮಿ ಇಟ್ಟಿರುತ್ತಾರೆ. ಅದನ್ನು ಬಿಚ್ಚಿ ನೋಡಲು ಹೊತ್ತು ಸಿಗುವ ಮೊದಲೇ ಮುಂದಿನ ಕಾಲ್.

ಚಿಕಿತ್ಸೆಯಲ್ಲಿ ಮಾಡುವುದು ಬಹುಮಟ್ಟಿಗೆ ಹೀಗೆ ಬಿಚ್ಚಿ ನೋಡುವುದನ್ನೇ. ಸುರಕ್ಷಿತ ಜಾಗದಲ್ಲಿ ಕೂತು, ತರಬೇತಿ ಪಡೆದ ಥೆರಪಿಸ್ಟ್ ಎದುರು, ಆ ಘಟನೆಯನ್ನು ಮೊದಲಿಂದ ಕೊನೆಯವರೆಗೆ ಹೇಳಬೇಕು. ಮುಂದಿನ ಸಲ ಮತ್ತೆ. ಸಾಮಾನ್ಯವಾಗಿ 8ರಿಂದ 15 ಭೇಟಿ. "ನೆನೆಸಿಕೊಂಡರೆ ಇನ್ನೂ ಜಾಸ್ತಿ ಆಗಲ್ವಾ ಸಾರ್?" ಎಂದು ಎಲ್ಲರೂ ಕೇಳುತ್ತಾರೆ. ಮೊದಮೊದಲು ಕೆಲವರಿಗೆ ಕಷ್ಟ ಹೆಚ್ಚುತ್ತದೆ, ಮುಚ್ಚಿಡುವುದಿಲ್ಲ. ಆಮೇಲೆ ನೆನಪು ಅಳಿಯುವುದಿಲ್ಲ, ಆದರೆ ಮೈಮೇಲೆ ಬರುವುದು ನಿಲ್ಲುತ್ತದೆ. ಕಣ್ಣಿನ ಚಲನೆ ಬಳಸಿ ಮಾಡುವ ಇಎಂಡಿಆರ್ ಎಂಬ ಥೆರಪಿಯೂ ಇದೆ. ಸೆರ್ಟ್ರಲಿನ್‌ನಂಥ ಮಾತ್ರೆ ಕೆಲವರಿಗೆ ನೆರವಾಗುತ್ತದೆ. ಕೆಲಸ ಮಾಡಲು ವಾರಗಟ್ಟಲೆ ಬೇಕು, ಚಟ ಹಿಡಿಸುವುದಿಲ್ಲ. ಅವರು ಕೇಳಿಕೊಂಡು ಬರುವ ಅಲ್ಪ್ರಜೋಲಂ ಥರದ ಮಾತ್ರೆ ಚಟ ಹಿಡಿಸುತ್ತದೆ, ಪಿಟಿಎಸ್‌ಡಿ ವಾಸಿ ಮಾಡುವುದಿಲ್ಲ. ಮಂಪರಿನಲ್ಲಿ ಏಣಿ ಹತ್ತುವ ಅಪಾಯ ಬೇರೆ.

ಒಂದು ದುರಂತದ ಮರುದಿನ ಎಲ್ಲರನ್ನೂ ಕೂರಿಸಿ "ಏನನ್ನಿಸಿತು, ಹೇಳಿ" ಎಂದು ಬಲವಂತ ಮಾಡುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅದರಿಂದ ಪಿಟಿಎಸ್‌ಡಿ ತಡೆಯಲಾಗದು ಎಂದು ಸಂಶೋಧನೆಗಳೂ ಹೇಳಿವೆ. ಊಟ, ನಿದ್ದೆ, ಮನೆಗೊಂದು ಫೋನ್, ಮಾತಾಡಬೇಕು ಅನ್ನಿಸಿದವರಿಗೆ ಕೇಳುವ ಕಿವಿ. ಅಷ್ಟು ಸಾಕು. ಒಂದು ತಿಂಗಳ ನಂತರ ಸ್ಟೇಷನ್ ಆಫೀಸರ್ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು "ನಿದ್ದೆ ಹೇಗಿದೆಯಪ್ಪಾ?" ಅಂತ ಕೇಳಲಿ. ಅದರಿಂದ ಆಗುವ ಉಪಯೋಗ ಭಾಷಣದಿಂದ ಆಗದು.

ನಿಜವಾದ ಅಡ್ಡಿ ಭಯ. "ಸರ್ವಿಸ್ ರಿಜಿಸ್ಟರ್‌ಗೆ ಹೋಗುತ್ತಾ? ಗಾಡಿ ಹತ್ತಿಸ್ತಾರಾ, ಇಲ್ಲಾ ಆಫೀಸಲ್ಲಿ ಕೂರಿಸ್ತಾರಾ?" ರಜೆಯ ದಿನ ಹೊರರೋಗಿಯಾಗಿ ಬಂದು ಹೋದರೆ ಅದಾಗಿಯೇ ಇಲಾಖೆಗೆ ಯಾವ ಕಾಗದವೂ ಹೋಗುವುದಿಲ್ಲ. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ. ಆಸ್ಪತ್ರೆ ಖರ್ಚು ವಾಪಸ್ ಕೇಳಿದರೆ ಮಾತ್ರ ಬಿಲ್ ಜೊತೆ ಕಾಯಿಲೆಯ ಹೆಸರೂ ಹೋಗಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ನಿಮ್ಮ ಮಾಹಿತಿ ಗುಟ್ಟಾಗಿರಬೇಕು, ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟು. ಕಾಯಿಲೆ ಅಂಗವಿಕಲತೆಯ ಮಟ್ಟಕ್ಕೆ ಹೋದರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೌಕರನನ್ನು ಸುಮ್ನೆ ಕೆಲಸದಿಂದ ತೆಗೆಯಲು ಬಿಡುವುದಿಲ್ಲ. ಬೇರೆ ಹುದ್ದೆ ಕೊಟ್ಟರೂ ಅದೇ ವೇತನ ಶ್ರೇಣಿ ಇರಬೇಕು.

ಎಲ್ಲಿಗೆ ಹೋಗಬೇಕು? ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಅಲ್ಲಿನ ಗೇಟು ದಾಟಲು ಮುಜುಗರವಾದರೆ ಮೊದಲು 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಅದು. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡಕ್ಕೂ ಎತ್ತುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ರಜೆಯ ದಿನಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ, ಒಬ್ಬರೇ ಬೇಡ.

ಡ್ಯೂಟಿ ಪಟ್ಟಿಯ ಫೋಟೋ ತನ್ನಿ, ಭೇಟಿಯ ದಿನಗಳನ್ನು ಅದಕ್ಕೆ ಹೊಂದಿಸೋಣ. ಕುಡಿತದ ಲೆಕ್ಕವನ್ನು ಮಾತ್ರ ನಿಜ ಹೇಳಿ. ಯಾವ ಮಾತ್ರೆ ಕೊಡಬೇಕು, ಥೆರಪಿ ಯಾವಾಗ ಶುರು ಮಾಡಬೇಕು ಅನ್ನುವುದು ಅದರ ಮೇಲೂ ನಿಂತಿರುತ್ತದೆ.